ಅಜ್ಜನ ತಳಘರದಲ್ಲಿ ನನ್ನ ಕೈ ಹಿಡಿದದ್ದು

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ವರ್ಷ ಯೋಚಿಸಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಳ್ಳಿ ಶಾಲೆಗಳಿಗೆ ಹೋಗಿ, ನಿಂಬೆಹಣ್ಣು ಕೊಯ್ದರೆ ರಕ್ತ ಬರುವುದು ಹೇಗೆ, ತೆಂಗಿನಕಾಯಿಗೆ ತಾನಾಗಿ ಬೆಂಕಿ ಹತ್ತುವುದು ಹೇಗೆ ಎಂದು ಮಕ್ಕಳ ಮುಂದೆ ಮಾಡಿ ತೋರಿಸುತ್ತಿದ್ದೆ. ಯಾರಾದರೂ ದೆವ್ವ ಕಂಡೆ ಎಂದರೆ ಎದುರಿಗೇ ನಕ್ಕುಬಿಡುತ್ತಿದ್ದೆ. ಆಗ ಅವರಿಗೆ ಎಷ್ಟು ನೋವಾಗಿರಬಹುದು ಎಂದು ನನಗೆ ಈಗ ಅನಿಸುತ್ತದೆ.

ನಮ್ಮದು ಬೌದ್ಧರ ಮನೆ. ಗೋಡೆಯ ಮೇಲೆ ಬುದ್ಧನ ಒಂದು ಫೋಟೋ ಬಿಟ್ಟರೆ ಜಗುಲಿ, ತಾಯಿತ, ಹರಕೆ ಯಾವುದೂ ಇರಲಿಲ್ಲ. ಅಮಾವಾಸ್ಯೆಯ ದಿನ ಬೇಕೆಂದೇ ಹೊಸ ಕೆಲಸ ಶುರುಮಾಡುವವನು ನನ್ನ ಅಜ್ಜ. ಯಾವುದಕ್ಕೂ ಹೆದರಬೇಡ ಬಾಳಾ, ಹೋಗಿ ಮುಟ್ಟಿ ನೋಡು ಎಂದು ಅವನೇ ನನಗೆ ಕಲಿಸಿದ್ದು; ಮಗು ಎನ್ನಲು ಅವನು ಬಾಳಾ ಎನ್ನುತ್ತಿದ್ದ. ನನಗೆ ಈ ಅನುಭವ ಆದದ್ದು ಅವನ ಮನೆಯಲ್ಲೇ, ಜನವರಿ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಹೊರಗೆ ಬಿಸಿಲು ಬಿದ್ದಿರುವಾಗ. ಅವನಿಗೆ ಆಗ ಎಂಬತ್ತೇಳು ದಾಟಿತ್ತು.

ಅಜ್ಜನ ಬಗ್ಗೆ ಮೊದಲು ಹೇಳಬೇಕು. ಅವನು ಅಕ್ಕೋಳದವನು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿಯುತ್ತಿದ್ದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಯುದ್ಧದ ಸಾಮಾನು ಮಾಡಲು ಕೈಪಳಗಿದ ಕೆಲಸಗಾರರು ಸಾಲದೆ, ಬ್ರಿಟಿಷ್ ಸರಕಾರ ಇಲ್ಲಿಂದ ಹುಡುಗರನ್ನು ಹಡಗು ಹತ್ತಿಸಿ, ತನ್ನ ದೇಶದ ಕಾರ್ಖಾನೆಗಳಲ್ಲಿ ತರಬೇತಿ ಕೊಡಿಸುತ್ತಿತ್ತು. ಹಾಗೆ ಹೋದವರಲ್ಲಿ ನನ್ನ ಅಜ್ಜನೂ ಒಬ್ಬ. ಅವನು ಅಲ್ಲಿದ್ದದ್ದು ೧೯೪೧ರಲ್ಲಿ, ಒಂದು ವರ್ಷವೂ ತುಂಬಲಿಲ್ಲ. ಆದರೂ ಬದುಕಿನುದ್ದಕ್ಕೂ ಅವನು ಹೇಳುತ್ತಿದ್ದದ್ದು ಆ ಒಂದೇ ವರ್ಷದ ಮಾತು. ಅದನ್ನು ಅವನು ನಲವತ್ತೊಂದು ಎನ್ನದೆ ಮರಾಠಿಯಲ್ಲೇ ‘ಎಕ್ಕೇಚಾಳೀಸ’ ಎನ್ನುತ್ತಿದ್ದ.

ನಾವು ಸಣ್ಣವರಿದ್ದಾಗ ಆ ಎಕ್ಕೇಚಾಳೀಸಿನ ಕಥೆ ಕೇಳಲು ಅವನ ಸುತ್ತ ಕೂರುತ್ತಿದ್ದೆವು. ವಿಮಾನದಿಂದ ಬಾಂಬು ಹಾಕುವವರಿಗೆ ಕಾಣದಿರಲೆಂದು ಇಡೀ ಊರು ರಾತ್ರಿ ಹೊರಗೆ ಒಂದು ದೀಪವೂ ಹಚ್ಚದೆ ಕೂರುತ್ತಿತ್ತಂತೆ. ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಸಣ್ಣ ಬೆಳಕಿನ ಗೆರೆ ಹೊರಗೆ ಕಂಡರೂ ಕಾವಲಿನವನು ಬಂದು ಬಾಗಿಲು ಬಡಿಯುತ್ತಿದ್ದ. ಕತ್ತಲಲ್ಲಿ ಜನ ಎಡವದಿರಲೆಂದು ರಸ್ತೆಯ ಅಂಚಿಗೆ ಸುಣ್ಣದಂಥ ಬಿಳಿ ಬಣ್ಣ ಬಳಿದಿದ್ದರು. ಚರ್ಚಿನ ಗಂಟೆ ಬಾರಿಸುವಂತಿರಲಿಲ್ಲ. ಬಾರಿಸಿದರೆ ಶತ್ರು ನೆಲಕ್ಕಿಳಿದಿದ್ದಾನೆ ಎಂದರ್ಥ. ವಾರಕ್ಕೆ ಒಬ್ಬರಿಗೆ ಒಂದು ತತ್ತಿ ಸಿಕ್ಕರೆ ದೊಡ್ಡದು. ಮನೆಗಳ ಮುಂದಿನ ಕಬ್ಬಿಣದ ಬೇಲಿಯನ್ನೂ ಕಿತ್ತು ಒಯ್ದಿದ್ದರಂತೆ.

ಅವನು ಇದ್ದದ್ದು ಹಡಗು ಕಟ್ಟುವ ಒಂದು ಊರಿನಲ್ಲಿ, ಒಬ್ಬ ಹೆಂಗಸಿನ ಮನೆಯ ಮೇಲಿನ ಕೋಣೆಯಲ್ಲಿ. ಗಂಡ ಹಡಗಿನ ಮೇಲೆ, ಅವಳು ಕಾರ್ಖಾನೆಯಲ್ಲಿ. ಆ ಹೆಂಗಸು ಮೊದಲ ದಿನವೇ ತಾನು ಕುಡಿಯುವಂಥದೇ ಕಪ್ಪಿನಲ್ಲಿ ಅವನಿಗೆ ಚಹಾ ಕೊಟ್ಟಳು. ಅಕ್ಕೋಳದಲ್ಲಿ ಅವನಿಗೆ ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದ ಕಾಲ ಅದು. ಕಪ್ಪನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಡಿಯದೆ ಕೂತಿದ್ದೆ ಎಂದು ಹೇಳುವಾಗಲೆಲ್ಲ ಅವನ ಧ್ವನಿ ಇಳಿಯುತ್ತಿತ್ತು. ಆ ಮನೆಯಲ್ಲಿ ಒಂದು ಮಗು ಇತ್ತು ಎಂಬುದನ್ನು ಮಾತ್ರ ಅವನು ನಮಗೆ ಯಾರಿಗೂ ಹೇಳಿರಲಿಲ್ಲ.

ತಿರುಗಿ ಬಂದ ಮೇಲೆ ಅಜ್ಜ ನಿಪ್ಪಾಣಿಯಲ್ಲಿ ಹಿಟ್ಟಿನ ಗಿರಣಿ, ತಂಬಾಕಿನ ವಖಾರಿಗಳ ಯಂತ್ರ ದುರಸ್ತಿ ಮಾಡಿಕೊಂಡಿದ್ದ. ಅಕ್ಕೋಳದಲ್ಲಿ ಸ್ವಂತ ಮನೆ ಕಟ್ಟಿಸಿದಾಗ ನಡುಮನೆಯ ನೆಲದಡಿ ಒಂದು ಕೋಣೆ ಅಗೆಸಿದ. ಕಲ್ಲಿನ ಗೋಡೆ, ಮೇಲೆ ಸಿಮೆಂಟಿನ ಹಲಗೆ, ಇಳಿಯಲು ಒಂಬತ್ತು ಮೆಟ್ಟಿಲು, ಬಾಯಿಗೆ ಸಾಗವಾನಿಯ ಭಾರೀ ಮುಚ್ಚಳ. ಊರವರು ಜೋಳ ತುಂಬಲಿಕ್ಕೆ ಎಂದುಕೊಂಡರು. ನಾವು ಅದನ್ನು ತಳಘರ ಎನ್ನುತ್ತಿದ್ದೆವು. ಮದುವೆಗೆ ಬೇಕಾಗುವ ದೊಡ್ಡ ಪಾತ್ರೆಗಳು, ಹಳೆಯ ಟ್ರಂಕು, ಹರಿದ ಚೀಲಗಳು ಅಲ್ಲಿರುತ್ತಿದ್ದವು. ಸಣ್ಣವರಿದ್ದಾಗ ನಾವು ಅದರಲ್ಲಿ ಎಷ್ಟೋ ಸಲ ಅಡಗುವ ಆಟ ಆಡಿದ್ದೇವೆ. ನನಗೆ ಅದು ಹೊಸ ಜಾಗವಲ್ಲ.

ಸಾಯುವ ಹಿಂದಿನ ವರ್ಷ ಅಜ್ಜ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಆಮೇಲೆ ಇಬ್ಬರು ಹಿಡಿದು ಎತ್ತದೆ ಏಳಲಾಗುತ್ತಿರಲಿಲ್ಲ. ಅದೇ ಹೊತ್ತಿಗೆ ತಲೆಯೂ ದಾರಿ ತಪ್ಪತೊಡಗಿತು. ಸಂಜೆಯಾದರೆ ಕಿಟಕಿಗೆ ಕಾಗದ ಹಚ್ಚಿ ಎಂದು ಹಟ ಹಿಡಿಯುತ್ತಿದ್ದ. ಆ ಮನೆಯಲ್ಲೇ ಇದ್ದ ನನ್ನ ಕಾಕಾ, ಅಪ್ಪನ ತಮ್ಮ, ಮೊದಮೊದಲು ರೇಗಿದ. ಕೊನೆಗೆ ನಿಪ್ಪಾಣಿಯಿಂದ ಕಪ್ಪು ಕಾಗದ ತಂದು ಅವನ ಕೋಣೆಯ ಕಿಟಕಿಗೆ ಅಂಟಿಸಿಬಿಟ್ಟ. ಕೆಲವೊಮ್ಮೆ ಅಜ್ಜ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ, ನಾವು ಶಾಲೆಯಲ್ಲಿ ಕಲಿತ ಇಂಗ್ಲಿಷಲ್ಲ, ಎಳೆದು ರಾಗವಾಗಿ ಆಡುವಂಥದು. ಮಾತಾಡುವಾಗ ಅವನ ಕಣ್ಣು ಕೆಳಗೆ ನೋಡುತ್ತಿತ್ತು, ಸೊಂಟದೆತ್ತರಕ್ಕೆ ಯಾರೋ ನಿಂತಿರುವಂತೆ. ಕಾಕಾನ ಹೆಂಡತಿ, ನನ್ನ ಕಾಕು, ಮಾವನನ್ನು ಮಾಮಾ ಎನ್ನುತ್ತಿದ್ದಳು; ಅವಳಿಗೆ ಅದು ಸರಿಬರುತ್ತಿರಲಿಲ್ಲ.

“ಮಾಮಾ ಯಾರ ಜೋಡಿ ಮಾತಾಡಾಕತ್ತಾರ ನೋಡವ್ವಾ, ನನಗಂತೂ ಅಂಜಿಕಿ ಬರತೈತಿ,” ಎಂದಿದ್ದಳು.

ಅದು ವಯಸ್ಸಿನ ಮರೆವು, ಮೆದುಳಿನ ಕಾಯಿಲೆ ಎಂದು ನಾನು ಅವಳಿಗೆ ಪಾಠದಂತೆ ವಿವರಿಸಿದ್ದೆ.

ಆ ಭಾನುವಾರ ಕಾಕಾ, ಕಾಕು ಸದಲಗಾಕ್ಕೆ ಒಂದು ಮದುವೆಗೆ ಹೋದರು. ಅಜ್ಜನನ್ನು ನೋಡಿಕೊಳ್ಳಲು ನಾನು ಚಿಕ್ಕೋಡಿಯಿಂದ ಬಂದಿದ್ದೆ. ಊಟ ಮಾಡಿಸಿ ನಡುಮನೆಯಲ್ಲಿ ಅವನನ್ನು ಕೈಕುರ್ಚಿಯಲ್ಲಿ ಕೂರಿಸಿ, ಕಾಲ ಮೇಲೆ ಕೌದಿ ಹೊದಿಸಿ, ನಾನು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಕರೆಂಟು ಇರಲಿಲ್ಲ. ಆ ದಿನಗಳಲ್ಲಿ ಮಧ್ಯಾಹ್ನ ಕರೆಂಟು ಇರದಿರುವುದೇ ರೂಢಿ.

ಮೂರು ಗಂಟೆಯ ಸುಮಾರಿಗೆ ದೂರದ ಸಕ್ಕರೆ ಕಾರ್ಖಾನೆಯ ಸೈರನ್, ನಮ್ಮ ಕಡೆಯ ಮಾತಿನಲ್ಲಿ ಭೋಂಗಾ, ಕೂಗಿತು. ಪಾಳಿ ಬದಲಾಗುವಾಗ ಅದು ದಿನಾಲೂ ಕೂಗುವುದೇ. ಆದರೆ ಅವತ್ತು ನಿಲ್ಲಲಿಲ್ಲ. ಏರುತ್ತ, ಇಳಿಯುತ್ತ, ಮತ್ತೆ ಏರುತ್ತ ಕೂಗುತ್ತಲೇ ಇತ್ತು. ಎಲ್ಲೋ ಕೆಟ್ಟಿರಬೇಕು ಎಂದುಕೊಂಡೆ. ಅಜ್ಜನ ಕಡೆ ನೋಡಿದರೆ ಅವನ ಮುಖ ಬೂದಿಯಾಗಿತ್ತು. ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದ.

“ಬಾಳಾ, ತಳಘರ ತಗಿ. ಲಗೂನ ಕೆಳಗ ಇಳಿ,” ಎಂದ.

“ಅದು ಕಾರ್ಖಾನಿ ಭೋಂಗಾ ಅಜ್ಜಾ.”

“ನನಗ ಗೊತ್ತೈತಿ ಅದು ಏನಂತ. ನನಗ ಇಳಿಯಾಕ ಆಗೂದಿಲ್ಲ. ನೀ ಹೋಗು. ಅಕಿನ್ನ ಕರಕೊಂಡು ಹೋಗು.”

“ಯಾರನ್ನ?”

ಅವನು ತನ್ನ ಎಡಗೈಯಲ್ಲಿ ಏನನ್ನೋ ಹಿಡಿದವನಂತೆ ಎತ್ತಿ, ನನ್ನ ಕೈಯನ್ನು ಎಳೆದು, ಆ ಇಲ್ಲದ್ದನ್ನು ನನ್ನ ಅಂಗೈಯೊಳಗೆ ಇಟ್ಟು ಬೆರಳು ಮಡಚಿದ. ಆಮೇಲೆ ಕೆಳಗೆ ನೋಡಿ, ಬಹಳ ಮೆತ್ತಗೆ, “ಮೈಂಡ್ ದ ಸ್ಟೆಪ್, ಲವ್,” ಎಂದ. ಮೆಟ್ಟಿಲು ನೋಡಿಕೊಂಡು ಇಳಿ ಮಗಾ ಎಂಬಂತೆ.

ನನಗೆ ಕನಿಕರವಾಯಿತು. ಇಂಥ ರೋಗಿಗಳ ಜೊತೆ ವಾದ ಮಾಡಬಾರದು ಎಂದು ಎಲ್ಲೋ ಓದಿದ್ದೆ. ಮುಚ್ಚಳ ಎತ್ತಿ, ಮಗುವಿನ ಕೈ ಹಿಡಿದಂತೆಯೇ ಬೆರಳು ಮಡಚಿಕೊಂಡು ಕೆಳಗಿಳಿದೆ. “ಮುಚ್ಚಳ ಹಾಕ್ಕೊ, ಬೆಳಕ ಹೊರಗ ಬರಬಾರದು,” ಎಂದು ಮೇಲಿಂದ ಕೂಗಿದ. ಅದನ್ನೂ ಮಾಡಿದೆ. ನೂರು ಎಣಿಸಿ ಮೇಲೆ ಬರೋಣ ಎಂದುಕೊಂಡೆ.

ಒಳಗೆ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಹಳೆಯ ಗೋಣಿಯ ವಾಸನೆ, ತಾಮ್ರದ ಪಾತ್ರೆಯ ವಾಸನೆ. ಕೊನೆಯ ಮೆಟ್ಟಿಲ ಮೇಲೆ ಕೂತು ಎಣಿಸತೊಡಗಿದೆ. ಭೋಂಗಾದ ಸದ್ದು ನೆಲದ ಮೂಲಕ ಬಂದು ಹಲ್ಲಿನಲ್ಲಿ ನಡುಗುತ್ತಿತ್ತು. ಮೂವತ್ತೋ ನಲವತ್ತೋ ಎಣಿಸಿರಬೇಕು, ಭೋಂಗಾ ನಿಂತಿತು.

ಆ ಸ್ತಬ್ಧತೆಯಲ್ಲಿ ನನಗೆ ಇನ್ನೊಬ್ಬರ ಉಸಿರು ಕೇಳಿಸಿತು. ಓಡಿ ಬಂದ ಮಕ್ಕಳು ಬಾಯಲ್ಲಿ ಉಸಿರಾಡುತ್ತಾರಲ್ಲ, ಹಾಗೆ. ನನ್ನದೇ ಉಸಿರು ಗೋಡೆಗೆ ಬಡಿದು ಬರುತ್ತಿದೆ ಎಂದು ಉಸಿರು ಬಿಗಿ ಹಿಡಿದೆ. ಅದು ಮುಂದುವರಿಯಿತು.

ನಾನು ಎದ್ದು ನಿಲ್ಲುವಷ್ಟರಲ್ಲಿ ನನ್ನ ಅಂಗೈಯೊಳಗೆ ಒಂದು ಸಣ್ಣ ಕೈ ಬಂದಿತು. ತಣ್ಣಗಿತ್ತು. ಜನವರಿಯ ಥಂಡಿಯಲ್ಲ, ಮಂಜುಗಡ್ಡೆಯಲ್ಲಿ ಇಟ್ಟು ತೆಗೆದಂಥ ತಣ್ಣಗೆ. ಐದು ಬೆರಳೂ ಬೇರೆ ಬೇರೆಯಾಗಿ ತಿಳಿಯುತ್ತಿದ್ದವು. ಅವು ನನ್ನ ಎರಡು ಬೆರಳನ್ನು ಸುತ್ತಿ ಹಿಡಿದವು. ಕೈ ಎಳೆದುಕೊಂಡೆ. ಆಗ ಇನ್ನೊಂದು ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಆ ಕೈಗೆ ಬೆರಳಿರಲಿಲ್ಲ. ಹೆಬ್ಬೆರಳೊಂದು ಬಿಟ್ಟರೆ ಉಳಿದದ್ದು ಒಂದೇ ಮುದ್ದೆ, ಒರಟು, ಒದ್ದೆಯಾದ ಉಣ್ಣೆಯಂತೆ ಚುಚ್ಚುವಂಥದು. ಅದು ನನ್ನನ್ನು ಬಲವಾಗಿ ಎಳೆಯಲಿಲ್ಲ, ಬಿಡಲೂ ಇಲ್ಲ. ಬಿಟ್ಟು ಹೋಗಬೇಡ ಎಂದು ಮಕ್ಕಳು ಸಂತೆಯಲ್ಲಿ ಹಿಡಿದುಕೊಳ್ಳುತ್ತಾರಲ್ಲ, ಅಷ್ಟೇ.

ನಾನು ಕೈ ಕೊಡವಿ ಬಿಡಿಸಿಕೊಂಡೆ. ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಮೊಣಕಾಲು ತರಚಿದ್ದು ಆಮೇಲೆ ಗೊತ್ತಾಯಿತು. ಮೇಲೆ ಬಂದು ಮುಚ್ಚಳ ದಬ್ಬಿ, ಗೋಡೆಗೆ ಒರಗಿಸಿದ್ದ ಜೋಳದ ಚೀಲವನ್ನು ಎಳೆದು ತಂದು ಅದರ ಮೇಲೆ ಹಾಕಿದೆ. ಬೇರೆ ದಿನವಾಗಿದ್ದರೆ ಆ ಚೀಲ ನನ್ನಿಂದ ಅಲುಗುತ್ತಿರಲಿಲ್ಲ. ನಡುಮನೆಯಲ್ಲಿ ಬಿಸಿಲು ಹಾಗೇ ಬಿದ್ದಿತ್ತು. ಉತ್ತರಪತ್ರಿಕೆಗಳು ಹರಡಿಕೊಂಡಿದ್ದವು. ಅಜ್ಜ ನನ್ನನ್ನೇ ನೋಡುತ್ತಿದ್ದ.

“ಅಕಿ ಎಲ್ಲಿ?”

“ಯಾರೂ ಇಲ್ಲ ಅಜ್ಜಾ,” ಎಂದೆ. “ಅಲ್ಲಿ ಯಾರೂ ಇಲ್ಲ.”

ಅವನು ಮುಚ್ಚಳದ ಮೇಲಿನ ಚೀಲವನ್ನು ನೋಡಿದ. ಆಮೇಲೆ ಮಾತಾಡಿದಾಗ ಅವನ ಧ್ವನಿಯಲ್ಲಿ ಮರೆವಿನ ತೊದಲು ಇರಲಿಲ್ಲ. ನನಗೆ ಲೆಕ್ಕ ಕಲಿಸುತ್ತಿದ್ದಾಗಿನ ಧ್ವನಿ ಅದು.

“ನಾನೂ ಹಂಗಽ ಹೇಳಿದ್ನಿ ಬಾಳಾ. ಅವರವ್ವಗ.”

ಆಮೇಲೆ ಹೇಳಿದ. ಚಹಾ ಕೊಟ್ಟ ಆ ಹೆಂಗಸಿಗೆ ಜೀನ್ ಎಂಬ ಐದು ವರ್ಷದ ಮಗಳಿದ್ದಳು. ಬಾಂಬಿಗೆ ಹೆದರಿ ದೂರದ ಹಳ್ಳಿಗೆ ಕಳಿಸಿದ್ದ ಮಗುವನ್ನು ತಾಯಿ ತಡೆಯಲಾರದೆ ತಿರುಗಿ ಕರೆತಂದಿದ್ದಳು. ತಾಯಿಗೆ ರಾತ್ರಿಪಾಳಿ ಇದ್ದಾಗ ಸೈರನ್ ಕೂಗಿದರೆ ಮಗುವನ್ನು ಬೀದಿಯ ಕೊನೆಯಲ್ಲಿದ್ದ ನೆಲದಡಿಯ ಆಸರೆಗೆ ಒಯ್ಯುವ ಕೆಲಸ ಅಜ್ಜನದು.

“ನಮ್ಮೂರಾಗ ನನ್ನ ಕೈ ಹಿಡದವರು ನಮ್ಮ ಕೇರಿಯವರ ಅಷ್ಟ. ಅಕಿ ಹಿಡೀತಿದ್ಲು. ಹಾದ್ಯಾಗ ಎಲ್ಲಾರೂ ನೋಡಲಿ ಅಂತ ನಾನೂ ಗಟ್ಟಿ ಹಿಡೀತಿದ್ನಿ,” ಎಂದ.

ಚಳಿಗಾಲದ ಒಂದು ರಾತ್ರಿ ಸೈರನ್ ಕೂಗಿತು. ಮಗುವಿಗೆ ಕೋಟು ಹಾಕಿ, ಎರಡೂ ಕೈಗೆ, ಹೆಬ್ಬೆರಳು ಬಿಟ್ಟು ಉಳಿದ ಬೆರಳೆಲ್ಲ ಒಂದೇ ಚೀಲದಲ್ಲಿರುವಂಥ ಉಣ್ಣೆಯ ಗವಸು ತೊಡಿಸಿ ಹೊರಟ. ಅವರು ಆಸರೆಯ ಬಾಯಿಗೆ ಮುಟ್ಟುವ ಹೊತ್ತಿಗೆ ಪಕ್ಕದ ಬೀದಿಗೆ ಬಾಂಬು ಬಿತ್ತು. ಜನ ಒಮ್ಮೆಗೇ ನುಗ್ಗಿದರು.

“ನನ್ನ ಕೈಯಾಗ ಹಾತಮೋಜಾ ಅಷ್ಟ ಉಳೀತು. ಒಳಗಿನ ಕೈ ಜಾರಿ ಹೋಗಿತ್ತು. ಮಂದಿ ನನ್ನ ಕೆಳಗ ದೂಡಿಕೊಂಡು ಹೋದ್ರು. ಕತ್ತಲದಾಗ ಜೀನ್, ಜೀನ್ ಅಂತ ಒದರಿದ್ನಿ. ಬಂದಿರ್ತಾಳ, ಇಲ್ಲೇ ಎಲ್ಲೋ ಕುಂತಿರ್ತಾಳ ಅಂತ ಮನಸಿಗೆ ಹೇಳಿಕೊಂಡ್ನಿ. ಮ್ಯಾಲ ಹೋಗಿ ನೋಡಬೇಕಾಗಿತ್ತು. ಅಂಜಿದ್ನಿ ಬಾಳಾ. ಮತ್ತೊಂದು ಬಿತ್ತು, ಮತ್ತೊಂದು ಬಿತ್ತು. ನಾ ಏಳಲಿಲ್ಲ.”

ಬೆಳಿಗ್ಗೆ ಮಗು ಮೆಟ್ಟಿಲ ಬಾಯಿಯ ಹತ್ತಿರವೇ ಇಟ್ಟಿಗೆಗಳ ಕೆಳಗೆ ಸಿಕ್ಕಿತಂತೆ. ಪಾಳಿ ಮುಗಿಸಿ ಬಂದ ತಾಯಿ ಕೇಳಿದಾಗ ಅಜ್ಜ, ತಾನು ಆ ಹೊತ್ತು ಕಾರ್ಖಾನೆಯಿಂದ ಬರುತ್ತಿದ್ದೆ, ಮನೆಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ ಎಂದ. ಮಗಳು ಒಬ್ಬಳೇ ಎದ್ದು, ಕತ್ತಲಲ್ಲಿ ಒಬ್ಬಳೇ ಹೊರಟಿದ್ದಳು ಎಂದು ತಾಯಿ ನಂಬಿದಳು. ಗವಸನ್ನು ಅವನು ಒಲೆಗೆ ಹಾಕಿದ.

“ಅಕಿ ಅವತ್ತೂ ನನಗ ಚಾ ಮಾಡಿ ಕೊಟ್ಲು,” ಎಂದು ಹೇಳಿ ಅಜ್ಜ ನಿಲ್ಲಿಸಿದ.

ನಾನು ನನ್ನ ಕೈ ನೋಡಿಕೊಂಡೆ. ಬರಿಗೈ ಒಂದು, ಗವಸಿನ ಕೈ ಒಂದು. ಅವನು ಗವಸಿನ ಮಾತು ಎತ್ತುವ ಮೊದಲೇ ನಾನು ಅವೆರಡನ್ನೂ ಮುಟ್ಟಿ ಬಂದಿದ್ದೆ.

“ತಿರುಗಿ ಹೋಗು,” ಎಂದ ಅಜ್ಜ. ಅದು ಬೇಡಿಕೆ. “ನನಗ ಕಾಲಿಲ್ಲ. ನೀ ಹೋಗಿ ಕರಕೊಂಡು ಬಾ. ಅಕಿಗೆ ಕತ್ತಲಂದ್ರ ಆಗೂದಿಲ್ಲ.”

ನಾನು ಚೀಲದ ಹತ್ತಿರ ಹೋಗಿ ನಿಂತೆ. ಬಗ್ಗಿ ಅದರ ಬಾಯಿ ಹಿಡಿದೆ. ಅದಕ್ಕಿಂತ ಮುಂದೆ ನನ್ನ ಮೈ ಹೋಗಲಿಲ್ಲ. ಹೋಗಿ ಮುಟ್ಟಿ ನೋಡು ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೆನೋ, ಆ ನಾನು, ಎಂಬತ್ತೇಳು ವರ್ಷದ ಎದ್ದೇಳಲಾಗದ ಮುದುಕನನ್ನು ಒಬ್ಬನನ್ನೇ ಬಿಟ್ಟು ಹೊರಗೆ ಓಡಿದೆ. ಇದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ.

ಪಕ್ಕದ ಮನೆಯ ಕಟ್ಟೆಯ ಮೇಲೆ ಶಾಂತಾಬಾಯಿ ಬೀಡಿ ಕಟ್ಟುತ್ತ ಕೂತಿದ್ದಳು. ನನ್ನನ್ನು ನೋಡಿ, “ಯಾಕ್ರಿ ಅಕ್ಕಾರ, ಮಾರಿ ಹಿಂಗ್ಯಾಕಾಗೇತ್ರಿ?” ಎಂದು ನೀರು ಕೊಟ್ಟಳು. ಸೆಖೆ ಎಂದೆ. ಜನವರಿಯಲ್ಲಿ ಸೆಖೆ! ಅವಳು ಭೋಂಗಾ ಹುಚ್ಚು ಹಿಡಿದಂಗ ಕೂಗಿತಲ್ಲ ಎಂದಳು, ಅಷ್ಟೇ. ಹಾಗಾದರೆ ಅದು ನಿಜವಾಗಿ ಕೂಗಿತ್ತು. ಅಲ್ಲಿಂದ ನಮ್ಮ ಮನೆಯ ಬಾಗಿಲು ಕಾಣುತ್ತಿತ್ತು. ಮನೆಗೆ ಇರುವುದು ಅದೊಂದೇ ಬಾಗಿಲು. ಅರ್ಧ ಗಂಟೆಯಾದರೂ ಅಲ್ಲಿ ಕೂತಿದ್ದೆ. ಯಾರೂ ಒಳಗೆ ಹೋಗಲಿಲ್ಲ, ಯಾರೂ ಹೊರಗೆ ಬರಲಿಲ್ಲ.

ಕಾಕಾನ ಮೋಟಾರ್‌ಸೈಕಲ್ ಬಂದ ಮೇಲೆ ಅವರ ಹಿಂದೆಯೇ ಒಳಗೆ ಹೋದೆ. ಕಾಕು ಹೊಸ್ತಿಲಲ್ಲೇ ನಿಂತು, “ಇದನ್ಯಾಕ ತಗದಿಟ್ಟೀವಾ, ಯಾರರ ಬಿದ್ದಗಿದ್ದಾರು!” ಎಂದಳು.

ತಳಘರದ ಮುಚ್ಚಳ ತೆರೆದಿತ್ತು. ಜೋಳದ ಚೀಲ ಒಂದು ಮಾರು ದೂರದಲ್ಲಿ ಇತ್ತು. ಅಜ್ಜ ನಾನು ಬಿಟ್ಟುಹೋದ ಹಾಗೆಯೇ ಕುರ್ಚಿಯಲ್ಲಿದ್ದ, ಕಾಲ ಮೇಲಿನ ಕೌದಿ ಒಂದಿಷ್ಟೂ ಸರಿದಿರಲಿಲ್ಲ. ಅವನ ಎಡಗೈ ಕುರ್ಚಿಯ ಹಿಡಿಯಿಂದ ಕೆಳಗೆ ಇಳಿಬಿದ್ದಿತ್ತು. ಬೆರಳುಗಳು ಅರ್ಧ ಮಡಚಿದ್ದವು. ಮುಖದ ಮೇಲೆ ನಗು ಇತ್ತು ಎಂದರೆ ಸುಳ್ಳಾದೀತು, ಆದರೆ ಆ ಬೂದಿಬಣ್ಣ ಹೋಗಿತ್ತು.

ನನ್ನ ಕಡೆ ನೋಡಿ, “ಬಂದ್ಲು,” ಎಂದ.

ಕಾಕಾ ನಕ್ಕು, “ಹೌದಪಾ, ಬಂದೀವಿ,” ಎಂದು ಮುಚ್ಚಳ ಹಾಕಿದ.

ಅಜ್ಜ ಆಮೇಲೆ ಸುಮಾರು ಒಂದು ತಿಂಗಳು ಬದುಕಿದ್ದ. ಕಿಟಕಿಯ ಕಪ್ಪು ಕಾಗದವನ್ನು ಮರುದಿನವೇ ತೆಗೆಸಿದ. ಭೋಂಗಾ ಕೂಗಿದರೆ ಬೆಚ್ಚುತ್ತಿರಲಿಲ್ಲ. ನಾನು ಮಾತ್ರ ಸಮಾಧಾನ ಹುಡುಕುತ್ತ ಹೋದೆ. ಗಾಢ ಕತ್ತಲಲ್ಲಿ ಮೆದುಳು ಇಲ್ಲದ ಸ್ಪರ್ಶವನ್ನು ಹುಟ್ಟಿಸಬಲ್ಲದು. ಒದ್ದೆ ಗೋಣಿಯ ಮೂಲೆ ಉಣ್ಣೆಯಂತೆ ಅನಿಸಬಹುದು. ಅಜ್ಜ ಎಂದೋ ನಿದ್ದೆಗಣ್ಣಲ್ಲಿ ಈ ಕಥೆ ಹೇಳಿ, ನಾನು ಮರೆತಿರಬಹುದು. ಗಾಬರಿಯಲ್ಲಿ ಚೀಲವನ್ನು ಮುಚ್ಚಳದ ಮೇಲೆ ಹಾಕಿದೆನೆಂದು ಬರೀ ಭ್ರಮಿಸಿರಬಹುದು. ಒಂದೊಂದನ್ನೇ ನೋಡಿದರೆ ಎಲ್ಲವೂ ಸರಿ ಎನಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ನನ್ನ ಅಂಗೈ ತಣ್ಣಗಾಗುತ್ತದೆ. ಜೀನ್ ಎಂಬ ಹೆಸರು ಗೊತ್ತೇ ಎಂದು ಕಾಕಾನನ್ನು, ಅಪ್ಪನನ್ನು ಕೇಳಿದೆ. ಇಬ್ಬರೂ ಕೇಳಿರಲಿಲ್ಲ.

ಆ ತಿಂಗಳು ಪ್ರತಿ ಭಾನುವಾರ ಅಕ್ಕೋಳಕ್ಕೆ ಹೋಗುತ್ತಿದ್ದೆ. ನಾನು ಹೇಳಿದ್ದು ಸುಳ್ಳು, ನಿನ್ನ ಜೀನ್ ನನ್ನ ಕೈ ಹಿಡಿದಿದ್ದಳು ಎಂದು ಒಪ್ಪಿಕೊಳ್ಳಬೇಕೆಂದೇ ಹೋಗುತ್ತಿದ್ದೆ. ಪ್ರತಿ ಸಲ ಹೇಳದೆಯೇ ತಿರುಗಿ ಬರುತ್ತಿದ್ದೆ. ಅವನಾಗಲೇ ಮಾತು ಕಡಿಮೆ ಮಾಡಿದ್ದ. ಅಗಲವಾದ ಮಂಚ, ಆದರೂ ಅವನು ತುದಿಗೆ ಸರಿದು ಮಲಗುತ್ತಿದ್ದ. ಬಿದ್ದಾನು ಎಂದು ಕಾಕು ಅವನನ್ನು ಗೋಡೆಯ ಕಡೆಗೆ ಸರಿಸಿ ಮಲಗಿಸಿದರೆ, ಸರಿದಾಡಲಾಗದ ಮನುಷ್ಯ, ಬೆಳಗಾಗುವಷ್ಟರಲ್ಲಿ ಮತ್ತೆ ತುದಿಯಲ್ಲಿರುತ್ತಿದ್ದ. ಗೋಡೆಯ ಪಕ್ಕ ಒಂದು ಮಗು ಮಲಗುವಷ್ಟು ಜಾಗ ಖಾಲಿ ಇರುತ್ತಿತ್ತು.

ಅವನಿಗೆ ಚಹಾ ಕುಡಿಸಲು ನಾನು ಮಂಚದ ಮೇಲೆ ಕೂರಬೇಕಾಗುತ್ತಿತ್ತು. ಯಾವಾಗಲೂ ಕಾಲ ದೆಸೆಗೆ ಕೂರುತ್ತಿದ್ದೆ. ಆ ಖಾಲಿ ಜಾಗಕ್ಕೆ ಕೈ ಚಾಚಿ ನೋಡುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.